ಮಾವನಿಗೆ ನಾನು ಕೊಟ್ಟ ತರಬೇತಿ

ನನ್ನ ಸೋದರಮಾವ ಬೆಂಗಳೂರಿನ ಒಂದು ಬ್ಯಾಂಕಿನ ಬಾಗಿಲಲ್ಲಿ ಹನ್ನೊಂದು ವರ್ಷ ಕೋವಿ ಹೆಗಲಿಗೆ ಹಾಕಿಕೊಂಡು ನಿಂತವರು. ಅಷ್ಟು ವರ್ಷದಲ್ಲಿ ಅವರು ಹಾರಿಸಿದ್ದು ಒಟ್ಟು ಎರಡು ಗುಂಡು. ಎರಡೂ ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ, ಊರಾಚೆಯ ಒಂದು ಕಲ್ಲುಕ್ವಾರಿಯಲ್ಲಿ, ತರಬೇತಿ ಅನ್ನುವ ಹೆಸರಿನಲ್ಲಿ. ಒಂದು ಗುಂಡು ಬಂಡೆಗೆ ಬಿತ್ತು. ಇನ್ನೊಂದು ಎಲ್ಲಿಗೆ ಹೋಯಿತು ಅಂತ ಏಜೆನ್ಸಿಯವರೂ ಕೇಳಲಿಲ್ಲ, ಮಾವನೂ ಹೇಳಲಿಲ್ಲ. ಮಾರನೇ ದಿನ ಖಾಕಿ ಬಟ್ಟೆ ಹಾಕಿಸಿ, ಡಬಲ್ ಬ್ಯಾರೆಲ್ ಕೋವಿ ಕೊಟ್ಟು ಬಾಗಿಲಿಗೆ ನಿಲ್ಲಿಸಿದರು.

ಈ ಕಥೆಯನ್ನು ಮಾವನ ದನಿಯಲ್ಲೇ ಹೇಳಿ ನಾನು ಲಂಡನ್ನಿನ ಎಷ್ಟೋ ಮನೆಗಳಲ್ಲಿ ಬಿಸಿಬೇಳೆಬಾತ್ ಗಿಟ್ಟಿಸಿದ್ದೇನೆ. ನನಗೆ ಬರುವ ವಿದ್ಯೆ ಇದೊಂದೇ. ಟ್ಯೂಬ್ ರೈಲಿನಲ್ಲಿ ಸ್ಟೇಷನ್ ಹೆಸರು ಹೇಳುವ ಹೆಂಗಸು, ಇವತ್ತು ಅಪಾಯಿಂಟ್‌ಮೆಂಟ್ ಇಲ್ಲ ಅನ್ನುವ ಡಾಕ್ಟರ ಆಫೀಸಿನವಳು, ಮೈಕು ಕೈಗೆ ಸಿಕ್ಕರೆ ಊಟ ಆರುವವರೆಗೂ ಬಿಡದ ನಮ್ಮ ಕನ್ನಡ ಸಂಘದ ಅಧ್ಯಕ್ಷರು, ಯಾರನ್ನೂ ನಾನು ಬಿಟ್ಟವನಲ್ಲ. ನನ್ನನ್ನೂ ಬಿಟ್ಟಿಲ್ಲ. ಹುಡುಗಿಯರ ಎದುರು ನಿಂತಾಗ ಇಂಗ್ಲಿಷೂ ಮರೆತು ಕನ್ನಡವೂ ಮರೆತು ಬರೀ ಗಂಟಲು ಸರಿಮಾಡಿಕೊಳ್ಳುವ ನನ್ನನ್ನು ನಾನೇ ಆಡಿ ತೋರಿಸುತ್ತಿದ್ದೆ. ನಿನ್ನ ಸ್ವಂತ ದನಿ ಹೇಗಿತ್ತು ಅಂತ ಹೆತ್ತ ನನಗೇ ಮರೆತುಹೋಗಿದೆ ಅನ್ನುತ್ತಿದ್ದಳು ಅಮ್ಮ. ಅದನ್ನೂ ಅವಳ ದನಿಯಲ್ಲೇ ವಾಪಸ್ ಹೇಳುತ್ತಿದ್ದೆ.

ಅತ್ತೆಗೆ ಇಲ್ಲಿನ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿತು, ಮಾವ ಅವರ ಹಿಂದೆ ಬಂದರು. ಬಂದ ಮೂರನೇ ತಿಂಗಳು ವೆಂಬ್ಲಿಯಲ್ಲಿ, ಸೀರೆ ಅಂಗಡಿಯ ಮಹಡಿ ಮೇಲೆ, ಸೆಕ್ಯುರಿಟಿ ಗಾರ್ಡ್ ತರಬೇತಿಗೆ ಸೇರಿದರು. ಆರು ದಿನದ ಕೋರ್ಸು. ಎದುರಿನವನು ರೇಗಿದರೆ ಎರಡೂ ಅಂಗೈ ತೋರಿಸಿ, ಒಂದು ಹೆಜ್ಜೆ ಹಿಂದೆ ಸರಿದು, ಮೆತ್ತಗೆ ಮಾತಾಡಬೇಕು. ಇಷ್ಟನ್ನೇ ಆರು ದಿನ ಕಲಿಸಿದರಂತೆ. ಪರೀಕ್ಷೆಯ ಹಿಂದಿನ ದಿನ ಪ್ರಶ್ನೆಗಳನ್ನು ಮೇಷ್ಟ್ರೇ ಮೂರು ಸಲ ಓದಿದರು, ಉತ್ತರ ಬಂದಾಗ ಕೆಮ್ಮಿದರು. ಮಾವ ಪಾಸಾದರು. ಆದರೆ ಅವರಿಗೆ ಒಂದು ಕೊರಗು ಉಳಿಯಿತು.

"ಕೈಗೆ ಏನೂ ಕೊಡಲ್ವಂತೆ ಕಣೋ ಅಳಿಯ. ಒಂದು ಲಾಠೀನೂ ಇಲ್ಲ. ಬರೀ ಕೈ."

ವೆಂಬ್ಲಿಯ ಒಂದು ಸೂಪರ್‌ಮಾರ್ಕೆಟ್ಟಿನ ಬಾಗಿಲಲ್ಲಿ ಕೆಲಸ ಸಿಕ್ಕಿತು. ಕೊರಳಿಗೆ ಲೈಸೆನ್ಸ್ ಕಾರ್ಡು ನೇತುಹಾಕಿಕೊಂಡು ನಿಲ್ಲುತ್ತಿದ್ದರು. ಆದರೆ ಬಲಗೈ ಹೆಬ್ಬೆರಳು ಮಾತ್ರ ಯಾವಾಗಲೂ ಹೆಗಲ ಹತ್ತಿರ ಸಿಕ್ಕಿಸಿದ ಹಾಗೇ ಇರುತ್ತಿತ್ತು. ಅಲ್ಲಿ ಕೋವಿಯ ಪಟ್ಟಿ ಇದ್ದ ಜಾಗ. ನಾನು ಅದನ್ನೂ ಆಡಿ ತೋರಿಸುತ್ತಿದ್ದೆ. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವರು ಮಾವ.

ರಾಜ್ಯೋತ್ಸವಕ್ಕೆ ಸಂಘದವರು ಒಂದು ಕಿರುನಾಟಕ ಬೇಕು ಅಂದರು. ನಾನೇ ಬರೆದೆ. ಕಳ್ಳನನ್ನು ಹುಡುಕಿಕೊಂಡು ಲಂಡನ್ನಿಗೆ ಬಂದ ಬೆಂಗಳೂರಿನ ಇನ್‌ಸ್ಪೆಕ್ಟರ್, ಅವನ ಸೊಂಟದಲ್ಲಿ ಪಿಸ್ತೂಲು. ಈ ದೇಶದಲ್ಲಿ ಮಾಮೂಲಿ ಪೊಲೀಸರ ಹತ್ತಿರವೇ ಬಂದೂಕಿಲ್ಲ. ಬಂದೂಕಿನವರು ಬೇರೆ, ಕರೆದರೆ ಮಾತ್ರ ಬರುತ್ತಾರೆ. ಪರದೆಯ ಹಿಂದಿನಿಂದ ಆ ಬಂದೂಕಿನ ಪೊಲೀಸರ ದನಿಯಲ್ಲಿ ನಾನು ಕೂಗಬೇಕು: "ಆರ್ಮ್ಡ್ ಪೊಲೀಸ್! ಶೋ ಮಿ ಯುವರ್ ಹ್ಯಾಂಡ್ಸ್!" ಇನ್‌ಸ್ಪೆಕ್ಟರ್ ಹೆದರದೆ, ನಗುತ್ತಾ, ನಿಧಾನವಾಗಿ ತಿರುಗಿ, ಪಿಸ್ತೂಲು ಹೊರಗೆ ತೆಗೆದು, ಅದರಲ್ಲಿ ಬೆನ್ನು ಕೆರೆದುಕೊಳ್ಳಬೇಕು. ಜನ ನಗಬೇಕು. ಇನ್‌ಸ್ಪೆಕ್ಟರ್ ಪಾತ್ರ ಮಾವನದು.

ಮೊದಲ ರಿಹರ್ಸಲ್ಲಿನಲ್ಲಿ ನಾನು ಕೂಗಿದ ತಕ್ಷಣ ಮಾವ ಎರಡೂ ಕೈ ಮೇಲೆತ್ತಿ ನಿಂತುಬಿಟ್ಟರು. ಯಾವ ಮೇಷ್ಟ್ರೂ ಕಲಿಸದೆ ಬಂದದ್ದು ಅದು, ಮನುಷ್ಯನಿಗೆ ತಾನಾಗಿ ಬರುವಂಥದ್ದು. ನಾನು ತಲೆ ಚಚ್ಚಿಕೊಂಡೆ.

"ಮಾವ, ಕೈ ಎತ್ತಬೇಡಿ. ಕೈ ಎತ್ತಿದರೆ ಯಾರು ನಗ್ತಾರೆ?"

ಆರು ವಾರ ಅವರನ್ನು ತಿದ್ದಿದೆ. ಹಾಲ್‌ನಲ್ಲಿ ಮಾತ್ರ ಅಲ್ಲ. ಅವರ ಫ್ಲ್ಯಾಟಿನ ಲಿಫ್ಟಿನಲ್ಲಿ, ಬಸ್ ಸ್ಟಾಪಿನಲ್ಲಿ, ಅಡುಗೆಮನೆಯಲ್ಲಿ ಅವರು ಒಗ್ಗರಣೆ ಹಾಕುವಾಗ, ಹಿಂದಿನಿಂದ ಬಂದು ಕೂಗುತ್ತಿದ್ದೆ. ತಿರುಗಿ ನೋಡಿದರೆ ಎರಡೂ ಕೈ ಬೀಸಿ, ಅದು ನಾನಲ್ಲ ಮಾವ, ನಾನಲ್ಲ ಅನ್ನುತ್ತಿದ್ದೆ. ಐದನೇ ವಾರದ ಹೊತ್ತಿಗೆ ಮಾವ ಬೆಚ್ಚುವುದನ್ನು ಬಿಟ್ಟರು. ಕೂಗು ಕೇಳಿದರೆ ಸಾಕು, ಮುಖದಲ್ಲಿ ನಗು, ಕಾಲು ತಿರುಗುವುದು, ಕೈ ಸೊಂಟಕ್ಕೆ. ಕೀಲಿ ಕೊಟ್ಟ ಗೊಂಬೆಯ ಹಾಗೆ. ಕಲ್ಲುಕ್ವಾರಿಯ ತರಬೇತಿ, ಸೀರೆ ಅಂಗಡಿ ಮಹಡಿಯ ತರಬೇತಿ ಎಲ್ಲಕ್ಕಿಂತ ನನ್ನದೇ ಗಟ್ಟಿ ಅಂತ ಎಲ್ಲರ ಮುಂದೆ ಜಂಬ ಕೊಚ್ಚಿಕೊಂಡೆ.

ಪಿಸ್ತೂಲು ಅಂಗಡಿಯಲ್ಲಿ ಕೊಂಡಾಗ ಹಸಿರು ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಆಟಿಕೆಯಾಗಿತ್ತು. ಈ ದೇಶದಲ್ಲಿ ಆಟಿಕೆ ಆಟಿಕೆಯ ಹಾಗೆ ಕಾಣಲಿ ಅಂತಲೇ ಆ ಬಣ್ಣ. ನನಗೆ ಅದು ಸಪ್ಪೆ ಅನ್ನಿಸಿತು. ಬಾಲ್ಕನಿಯಲ್ಲಿ ಪೇಪರ್ ಹಾಸಿ ಕಪ್ಪು ಬಣ್ಣ ಹೊಡೆದೆ. ಒಣಗಿದ ಮೇಲೆ ಮಾವ ಅದನ್ನು ಅಂಗೈ ಮೇಲೆ ಇಟ್ಟುಕೊಂಡು, ತೂಕ ಒಂದು ಇಲ್ಲ ನೋಡು ಅಂದರು.

ಕೊನೆಯ ರಿಹರ್ಸಲ್ ಒಂದು ಶನಿವಾರ ಮಧ್ಯಾಹ್ನ, ಕ್ವೀನ್ಸ್‌ಬರಿಯ ಒಂದು ಹಾಲ್‌ನಲ್ಲಿ. ಹಾಲ್ ಸಿಗುವುದು ಎರಡೇ ಗಂಟೆ ಅಂತ ಮಾವ ಮನೆಯಿಂದಲೇ ಖಾಕಿ ಹಾಕಿಕೊಂಡು ಬಂದಿದ್ದರು. ಮೇಲೆ ಚಳಿಕೋಟು ಇತ್ತು, ಸ್ಟೇಷನ್ ಮೆಟ್ಟಿಲು ಹತ್ತಿ ಸೆಕೆಯಾಯಿತು ಅಂತ ಅದರ ಗುಂಡಿ ಬಿಚ್ಚಿದರು. ಬೆಲ್ಟು, ಚರ್ಮದ ಚೀಲ, ಅದರಿಂದ ಇಣುಕುವ ಕರಿ ಹಿಡಿ, ಎಲ್ಲ ಕಾಣುತ್ತಿತ್ತು. ನಾನು ನೋಡಿದೆ. ಬ್ಯಾಗಿಗೆ ಹಾಕಿ ಮಾವ ಅಂದೆ.

"ಬಚ್ಚಿಟ್ಟುಕೊಂಡು ಹೋಗೋನು ಕಳ್ಳ ಕಣೋ. ತೋರಿಸಿಕೊಂಡು ಹೋಗೋನು ಕಾವಲುಗಾರ. ಹನ್ನೊಂದು ವರ್ಷ ಬಸ್ಸಲ್ಲೇ ಹೋಗಿದೀನಿ ಕೋವಿ ಹಾಕ್ಕೊಂಡು. ಜನ ಎದ್ದು ಸೀಟು ಕೊಡೋರು."

ಇನ್ನೊಂದು ಸಲ ಹೇಳಬೇಕಿತ್ತು. ಹೇಳಲಿಲ್ಲ. ಅದರ ಬದಲು ಅವರ ಮಾತನ್ನೇ ಅವರ ದನಿಯಲ್ಲಿ ತಿರುಗಿ ಒಪ್ಪಿಸಿದೆ. ಇಬ್ಬರೂ ನಕ್ಕೆವು. ತಂಡಕ್ಕೆ ಸಮೋಸ ಕಟ್ಟಿಸಿಕೊಳ್ಳಲು ನಾನು ಅಂಗಡಿಗೆ ಹೋದೆ, ಮಾವ ಮುಂದೆ ನಡೆದರು.

ಯಾರೋ ಪೊಲೀಸರಿಗೆ ಫೋನ್ ಮಾಡಿದ್ದರು. ಯಾರು ಅಂತ ಇವತ್ತಿಗೂ ಗೊತ್ತಿಲ್ಲ. ಆ ಜಾಗದಲ್ಲಿ ನಾನಿದ್ದರೂ ಮಾಡುತ್ತಿದ್ದೆ.

ಬಿಸಿ ಪೊಟ್ಟಣ ಹಿಡಿದು ಹೊರಗೆ ಬಂದಾಗ ರಸ್ತೆಗೆ ಅಡ್ಡವಾಗಿ ಎರಡು ಕಾರು ನಿಂತಿದ್ದವು. ನಾಲ್ಕು ಜನ, ಉದ್ದನೆಯ ಬಂದೂಕುಗಳು. ಮಾವ ನನ್ನಿಂದ ಮೂವತ್ತು ಹೆಜ್ಜೆ ದೂರದಲ್ಲಿ, ಅವರಿಗೆ ಬೆನ್ನು ಹಾಕಿ ನಡೆಯುತ್ತಿದ್ದರು. ಒಬ್ಬನೇ ಕೂಗಿದ. ನಾನು ಬರೆದುಕೊಟ್ಟ ಮಾತುಗಳೇ.

ಇಂಥ ಹೊತ್ತಿನಲ್ಲೂ ನನ್ನ ಹಾಳು ಕಿವಿ ತನ್ನ ಕೆಲಸ ಮಾಡಿತು. ನನ್ನ ದನಿ ತಪ್ಪಾಗಿತ್ತು. ನಾನು ಟಿವಿ ನೋಡಿ ಕಲಿತವನು, ಗಂಟಲು ಹರಿದುಕೊಂಡು ಸಿಟ್ಟಿನಲ್ಲಿ ಕೂಗುತ್ತಿದ್ದೆ. ಅವನ ದನಿಯಲ್ಲಿ ಸಿಟ್ಟೇ ಇರಲಿಲ್ಲ. ಜೋರಾಗಿತ್ತು, ಆದರೆ ಒಂದೇ ಮಟ್ಟ. ಉಳಿದವರು ಮಾತಾಡದೆ ಆಚೀಚೆ ಸರಿದರು. ಮಗುವಿನ ತಳ್ಳುಗಾಡಿ ನೂಕಿಕೊಂಡು ಬರುತ್ತಿದ್ದ ಒಬ್ಬಳನ್ನು ಆಗಲೇ ಗೋಡೆಯ ಮರೆಗೆ ಸೇರಿಸಿಯಾಗಿತ್ತು. ಇವರಿಗೆ ಯಾರೋ ನಿಜವಾಗಿ ಕಲಿಸಿದ್ದಾರೆ ಅಂತ ಅನ್ನಿಸಿತು.

ಮಾವನಿಗೂ ಒಬ್ಬ ಕಲಿಸಿದ್ದನಲ್ಲ. ಅವರು ಬೆಚ್ಚಲಿಲ್ಲ. ನಿಧಾನವಾಗಿ ತಿರುಗಿದರು, ಮುಖದಲ್ಲಿ ಅದೇ ನಗು. ಕಣ್ಣು ಪೊಲೀಸರನ್ನು ದಾಟಿ ನನ್ನನ್ನು ಹುಡುಕುತ್ತಿತ್ತು. ಬಲಗೈ ಸೊಂಟದ ಕಡೆ ಹೊರಟಿತ್ತು.

"ಮಾವ, ಅದು ನಾನಲ್ಲ!"

ಕೂಗಿದೆ. ಆರು ವಾರದಿಂದ ಪ್ರತಿ ಸಲವೂ ಅವರಿಗೆ ಹೇಳಿದ್ದ ಸುಳ್ಳು ಅದೇ. ಮಾವನ ನಗು ಇನ್ನೂ ಅಗಲವಾಯಿತು.

ಅವನು ಎರಡನೇ ಸಲ ಕೂಗಿದ. ಮಾವನ ಬೆರಳು ಚರ್ಮದ ಚೀಲದ ಬಟನ್ ಮೇಲಿತ್ತು. ಆ ಬಟನ್ ಬಿಗಿ ಇತ್ತು, ರಿಹರ್ಸಲ್ಲಿನಲ್ಲಿ ಬೇಗ ಬಿಚ್ಚಲು ಬಾರದೆ ನನ್ನ ಹತ್ತಿರ ಬೈಸಿಕೊಂಡಿದ್ದರು. ಬಿಚ್ಚಲು ಅವರು ತಲೆ ಬಗ್ಗಿಸಿದರು. ಅಷ್ಟರಲ್ಲಿ ಪಕ್ಕದಿಂದ ಇನ್ನೊಬ್ಬ ಟೇಸರ್ ಹಾರಿಸಿದ. ತಂತಿ ಚುಚ್ಚಿ, ಕರೆಂಟು ಹರಿದು, ಮಾವ ಮರದ ದಿಮ್ಮಿಯ ಹಾಗೆ ಎಡಗಡೆಗೆ ಬಿದ್ದರು. ಮಣಿಕಟ್ಟು ಮುರಿದ ಸದ್ದು ನನಗೆ ಕೇಳಿಸಿತು. ಆ ಸದ್ದನ್ನು ನಾನು ಯಾರಿಗೂ ಮಾಡಿ ತೋರಿಸಿಲ್ಲ.

ಆಸ್ಪತ್ರೆಯಲ್ಲಿ ಒಬ್ಬ ಪೊಲೀಸ್ ಅಧಿಕಾರಿ ಹಾಸಿಗೆ ಪಕ್ಕ ಕೂತು ಹೇಳಿಕೆ ಬರೆದುಕೊಂಡ. ದುಭಾಷಿ ಹೆಂಗಸು ಫೋನಿನಲ್ಲಿದ್ದಳು. ಸಂಘದವರು ಬಂದು ನಾಟಕದ ವಿಷಯ ಹೇಳಿಯಾಗಿತ್ತು, ಪ್ಲಾಸ್ಟಿಕ್ ಅನ್ನುವುದು ಗೊತ್ತಾಗಿತ್ತು. ಉಳಿದದ್ದು ಒಂದೇ ಪ್ರಶ್ನೆ. ಎರಡು ಸಲ ಹೇಳಿದರೂ ಯಾಕೆ ಕೈ ಎತ್ತಲಿಲ್ಲ?

ಮಾವ ನನ್ನ ಕಡೆ ನೋಡಿದರು. ನಾನು ಪೌರತ್ವಕ್ಕೆ ಅರ್ಜಿ ಹಾಕಿ ಎರಡು ತಿಂಗಳಾಗಿತ್ತು. ಪೊಲೀಸ್ ಕಾಗದದಲ್ಲಿ ಹೆಸರು ಬಂದರೆ ಅದು ಕೆಡುತ್ತದೆ ಅಂತ ಮಾವ ಹೆದರಿದ್ದರು. ನಾನೂ ಹೆದರಿದ್ದೆ.

"ನನಗೆ ಕಿವಿ ಸರಿಯಾಗಿ ಕೇಳಿಸಲ್ಲ" ಅಂದರು. ಪಿಸ್ತೂಲಿಗೆ ಬಣ್ಣ ಹೊಡೆದದ್ದೂ ತಾವೇ ಅಂದರು.

ನಾನು ಪಕ್ಕದಲ್ಲೇ ಕೂತಿದ್ದೆ. ಊರಲ್ಲಿರುವ ಎಲ್ಲರ ದನಿ ನನ್ನ ಗಂಟಲಲ್ಲಿತ್ತು, ಒಂದೂ ಹೊರಗೆ ಬರಲಿಲ್ಲ. ಅಧಿಕಾರಿ ಎಚ್ಚರಿಕೆ ಕೊಟ್ಟು ಎದ್ದ. ಬಾಗಿಲ ಹತ್ತಿರ ನನಗೆ ಮಾತ್ರ ಕೇಳುವಂತೆ, ಅದು ಚೀಲದಿಂದ ಹೊರಗೆ ಬಂದಿದ್ದರೆ, ಅಂದ. ಮುಂದಿನದನ್ನು ಹೇಳದೆ ಹೋದ.

ನಾಟಕ ನಡೆಯಲಿಲ್ಲ. ಮಾವನ ಕೆಲಸವೂ ನಿಂತಿತು. ಅವರನ್ನು ಕೆಲಸಕ್ಕಿಟ್ಟಿದ್ದ ಸೆಕ್ಯುರಿಟಿ ಕಂಪನಿಗೆ ನಡೆದದ್ದನ್ನು ತಿಳಿಸಲೇಬೇಕಿತ್ತು, ತಿಳಿಸುವಾಗ ಕಿವಿಯ ಮಾತೂ ಹೋಯಿತು. ಕಿವಿ ಕೇಳಿಸದವನನ್ನು ಬಾಗಿಲಲ್ಲಿ ನಿಲ್ಲಿಸುವುದು ಹೇಗೆ? ಮಾವನಿಗೆ ಇಡೀ ಲಂಡನ್ನಿನಲ್ಲಿ ತಮ್ಮದು ಅಂತ ಇದ್ದದ್ದು ಆ ಬಾಗಿಲೊಂದೇ. ಮನೆಯಲ್ಲಿ ಬ್ಯಾಂಡೇಜಿನ ಕೈ ಮಡಿಲಲ್ಲಿ ಇಟ್ಟುಕೊಂಡು ಕಿಟಕಿ ನೋಡುತ್ತಾ ಕೂರುತ್ತಿದ್ದರು. ಹೆಬ್ಬೆರಳು ಹೆಗಲಿಗೆ ಹೋಗುತ್ತಿರಲಿಲ್ಲ. ನಿನ್ನ ಪೌರತ್ವದ ಕಾಗದ ಬರಲಿ, ಆಮೇಲೆ ನೋಡೋಣ ಅನ್ನುತ್ತಿದ್ದರು. ಅತ್ತೆ ನನಗೆ ಕಾಫಿ ಕೊಡುವುದನ್ನು ಬಿಟ್ಟಿರಲಿಲ್ಲ, ಮುಖ ನೋಡಿ ಕೊಡುವುದನ್ನು ಬಿಟ್ಟಿದ್ದರು.

ಕಂಪನಿಯವರು ಮಾತುಕತೆಗೆ ಕರೆದಾಗ ದುಭಾಷಿಯಾಗಿ ನಾನೇ ಹೋದೆ. ಮ್ಯಾನೇಜರ್ ಒಬ್ಬ ಹೆಂಗಸು, ಒಳ್ಳೆಯವಳು, ಅವಸರದಲ್ಲಿದ್ದಳು. ಮಾವನನ್ನು ಕಿಟಕಿ ಕಡೆಯ ಕುರ್ಚಿಯಲ್ಲಿ ಕೂರಿಸಿದ್ದರು. ಅವರು ಹೊರಗೆ ಕಾರ್ ಪಾರ್ಕ್ ನೋಡುತ್ತಿದ್ದರು. ಕಿವಿಯ ಪರೀಕ್ಷೆ ಆಗುವವರೆಗೂ ಕೆಲಸವಿಲ್ಲ ಅಂತ ಅವಳು ಶುರುಮಾಡಿದಳು. ನಾನು ಅದನ್ನು ಮಾವನಿಗೆ ಹೇಳುವ ಬದಲು ಅವಳಿಗೇ ಹೇಳಿದೆ. ಅವರ ಕಿವಿ ಸರಿ ಇದೆ, ಅವರು ತಿರುಗಿದ್ದು ನನ್ನಿಂದ, ಆ ದನಿ ನನ್ನದು ಅಂದುಕೊಂಡು. ಬಣ್ಣದ ವಿಷಯ ಅಲ್ಲೂ ಬಾಯಿಗೆ ಬರಲಿಲ್ಲ. ಈಗ ಬರೆಯುತ್ತಿದ್ದೇನೆ.

ಅವಳು ನಂಬಲಿಲ್ಲ. ಪೊಲೀಸರ ದನಿಯನ್ನು ನಿನ್ನ ದನಿ ಅಂತ ತಪ್ಪು ತಿಳಿಯುವುದು ಹೇಗೆ ಅಂದಳು. ಎಲ್ಲಿ, ಮಾಡಿ ತೋರಿಸು ಅಂದಳು.

ಮಾವನ ಬೆನ್ನು ನನ್ನ ಕಡೆ ಇತ್ತು. ಮಾಡಿದೆ. ಈ ಸಲ ಟಿವಿಯದಲ್ಲ, ಕ್ವೀನ್ಸ್‌ಬರಿಯಲ್ಲಿ ಕೇಳಿದ್ದು. ಸಿಟ್ಟಿಲ್ಲದೆ, ಒಂದೇ ಮಟ್ಟದಲ್ಲಿ. ನನ್ನ ಜೀವನದಲ್ಲಿ ಅಷ್ಟು ಚೆನ್ನಾಗಿ ಯಾರ ದನಿಯನ್ನೂ ತೆಗೆದಿಲ್ಲ.

ಮಾವನ ಎರಡೂ ಕೈ ಮೇಲೆ ಹೋದವು. ಬಲಗೈ ಮೊದಲು, ಹಿಂದೆಯೇ ಬ್ಯಾಂಡೇಜಿನ ಎಡಗೈ. ತಿರುಗಲಿಲ್ಲ. ನಗಲಿಲ್ಲ. ಮ್ಯಾನೇಜರ್ ಪೆನ್ನು ಕೆಳಗಿಟ್ಟಳು.

ಕೈ ಇಳಿಸಿ ಮಾವ ಅಂದೆ. ಇಳಿಸಲಿಲ್ಲ.

"ನೀನೇನೋ?" ಅಂದರು, ಕಿಟಕಿ ಕಡೆ ನೋಡುತ್ತಲೇ.

"ನಾನೇ ಮಾವ."

ಆಮೇಲೆ ಬಲಗೈ ಇಳಿಯಿತು. ಎಡಗೈಯನ್ನು ನಾನೇ ಹಿಡಿದು ಇಳಿಸಿದೆ.

ಮ್ಯಾನೇಜರ್ ಬಹಳ ಮೆತ್ತಗೆ ಮಾತಾಡಿದಳು. ಕಿವಿ ಸರಿಯಾಗಿದೆ ಅಂತ ಬರೆಯುತ್ತೇನೆ ಅಂದಳು. ಆದರೆ ಬಾಗಿಲಲ್ಲಿ ದಿನಕ್ಕೊಬ್ಬ ಕೂಗುತ್ತಾನೆ, ಕೂಗಿದವನಿಗೆಲ್ಲ ಹೀಗೆ ಕೈ ಎತ್ತುವವರನ್ನು ಅಲ್ಲಿ ನಿಲ್ಲಿಸಲಾರೆ, ಬೇರೆ ಕೆಲಸವೂ ನನ್ನ ಹತ್ತಿರ ಇಲ್ಲ ಅಂದಳು. ಹೇಳಿ ಮುಗಿಸಿ ನನ್ನ ಕಡೆ ನೋಡಿದಳು, ನಾನು ಕನ್ನಡದಲ್ಲಿ ಹೇಳಲಿ ಅಂತ.

ಮಾವ ಕುರ್ಚಿಯಲ್ಲಿ ತಿರುಗಿ ಕೂತರು. ಅವಳ ಮುಖದಲ್ಲೇ ಅರ್ಧ ಓದಿಕೊಂಡಿದ್ದರು.

"ಏನಂತೆ?" ಅಂದರು. ನಾನು ಗಂಟಲು ಸರಿಮಾಡಿಕೊಂಡೆ. ಮಾವ ಬಲಗೈ ಎತ್ತಿ ತಡೆದರು.

"ಅವಳ ದನಿ ತೆಗೀಬೇಡ ಕಣೋ. ನೀನೇ ಹೇಳು."

ಹೇಳಿದೆ.