ಪಥ್ಯ ಮುರಿದ ಕೆಂಪವ್ವ

ಬನಹಟ್ಟಿಯ ನಮ್ಮ ಓಣಿಯಲ್ಲಿ ಕೆಂಪವ್ವನ ಸಿಟ್ಟು ಪವರ್‌ಲೂಮಿನ ಸಪ್ಪಳವನ್ನೂ ಮೀರಿ ಕೇಳುತ್ತದೆ. ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತಲೇ ಬೈಯುತ್ತಾಳೆ. ಬೈಯುತ್ತಲೇ ನೆರೆಮನೆಯ ಬಾಣಂತಿಗೆ ಅಳವಿ ಬೀಜದ ಪಾಯಸ ಕಳಿಸುತ್ತಾಳೆ. ಮಕ್ಕಳ ಕೆಮ್ಮಿಗೆ ತುಳಸಿರಸ ಕೊಡುವವಳೂ ಅವಳೇ.

ಕಳೆದ ಬೇಸಿಗೆಯಲ್ಲಿ ಅವಳ ಗಂಡ ಗಂಗಾರಾಮನ ಮೀನಖಂಡಕ್ಕೆ ಬೀದಿನಾಯಿ ಕಚ್ಚಿತು. ಅವಳು ಗಾಯವನ್ನು ಸಾಬೂನು ಹಚ್ಚಿ ತೊಳೆದು, "ದವಾಖಾನಿಗೆ ನಡೀರಿ" ಎಂದಳು. ಅವನು ಹೋದದ್ದು ಪಕ್ಕದೂರಿನ ನಾಟಿ ವೈದ್ಯ ಧರ್ಮರಾಜನ ಬಳಿಗೆ. ಧರ್ಮರಾಜ ಬೇರು ಅರೆದು ಕುಡಿಸಿ ಪಥ್ಯ ಹೇಳಿದ: ಎಣ್ಣೆ, ಬದನೆಕಾಯಿ ಕೂಡದು, ಸೂಜಿಯಂತೂ ಕೂಡದೇ ಕೂಡದು. ಪಥ್ಯ ಮುರಿದರೆ ಬೇರಿನ ಗುಣವೆಲ್ಲ ಹೋಯಿತೆಂದೇ ಲೆಕ್ಕ.

"ಇದು ನಮ್ಮ ಔಷಧ, ಅದು ಇಂಗ್ಲಿಷ್ ಔಷಧ. ಎರಡೂ ಕೂಡಿದ್ರ ವಿಷ ಅಕ್ಕಾವ" ಎಂದ ಗಂಗಾರಾಮ.

"ಇಂಗ್ಲಿಷ್ ಅಂತ! ಕರೆಂಟಿನ ಮಗ್ಗ ತರೂ ಮುಂದ ನಿಮ್ಮಜ್ಜನ ಕುಣಿಮಗ್ಗ ನೆನಪ ಆಗಲಿಲ್ಲೇನು?"

"ಸುಮ್ನಿರಲೇ, ಮಂದಿ ಕೇಳ್ತಾರ."

"ಕೇಳ್ಲಿ! ನಿಮ್ಮದು ಜವಾರಿ ರಕ್ತೋ ಇಂಗ್ಲಿಷ್ ರಕ್ತೋ ಅಂತ ಆ ನಾಯಿ ಕೇಳಿ ಕಚ್ಚಿತೇನ್ರಿ?"

ಶಾಲೆಯ ಮಾಸ್ತರನಾದ ನನಗೆ ಸಿಟ್ಟು ಬರುವುದು ಆ ಹೆಸರಿನ ಮೇಲೆ. ಡಾಕ್ಟರರು ಕೊಡುವುದನ್ನು ಹಳ್ಳಿಯವರು ಇಂಗ್ಲಿಷ್ ಔಷಧ ಎನ್ನುತ್ತಾರೆ, ಓದಿದವರು ಅಲೋಪತಿ ಎನ್ನುತ್ತಾರೆ. ಅಲೋಪತಿ ಎಂಬ ಹೆಸರನ್ನು ಇಟ್ಟವರೂ ಆ ಪದ್ಧತಿಯವರಲ್ಲ, ಅದನ್ನು ಹಳಿಯುತ್ತಿದ್ದವರು. ಹೀಗೆ ಹೆಸರಿಟ್ಟು ಔಷಧಕ್ಕೂ ಜಾತಿ ಕಟ್ಟಿದೆವು. ಈಗ ಒಂದನ್ನೊಂದು ಮುಟ್ಟಬಾರದು! ನಾಯಿಹುಚ್ಚು ಏರಿದ ಮೇಲೆ ಮನುಷ್ಯ ಬದುಕುವುದಿಲ್ಲ ಎಂಬುದನ್ನು ಮಾತ್ರ ಮರೆತೆವು.

ಮರುದಿನ ಮಧ್ಯಾಹ್ನ ಕೆಂಪವ್ವ ಬೈಯಲಿಲ್ಲ. ಓಣಿಗೆಲ್ಲ ಗಾಬರಿ. ಬಿಸಿ ರೊಟ್ಟಿ, ಎಣ್ಣೆಯಿಲ್ಲದ ಬೇಳೆ ಬಡಿಸಿದಳು. ಅವನು ಬಟ್ಟಲು ಬಳಿದು ಉಂಡ.

"ಬ್ಯಾಳಿ ಭಾಳ ರುಚಿ ಆಗೇತಿ."

"ಬದನಿಕಾಯಿ ಕುದಿಸಿ ಕಿವುಚಿ ಹಾಕೇನಿ. ರುಚಿ ಆಗದ ಇರತೈತೇನ?"

ಗಂಗಾರಾಮ ತಾಟು ಒಗೆದ. "ಪಥ್ಯಾ ಮುರದೆಲ್ಲಲೇ! ನನ್ನ ಕೊಲ್ಲಾಕತ್ತೀ ಏನ?"

"ನಿಮ್ಮ ಬೇರು ಹೋತು. ಇನ್ನ ಉಳಿದದ್ದು ಸೂಜಿ ಒಂದ. ಬೈಯೂದಿದ್ರ ದವಾಖಾನಿ ಪಾಳೇದಾಗ ನಿಂತು ಬೈರಿ."

ಬೇರೆ ದಾರಿ ಕಾಣದೆ ಗಂಗಾರಾಮ ದವಾಖಾನೆಗೆ ಹೊರಟ, ದಾರಿಯುದ್ದಕ್ಕೂ ಬೈದ. "ಯಾಕ್ರಿ ತಡಾ ಮಾಡಿದ್ರಿ?" ಎಂದು ನರ್ಸಮ್ಮ ಗದರಿದಾಗ ಅವನು ಕೆಂಪವ್ವನತ್ತ ಕೈ ತೋರಿಸಿದ, ಅವಳು ಅವನತ್ತ.

ಉಳಿದ ಸೂಜಿಗಳಿಗೂ ಅವಳೇ ಎಳೆದೊಯ್ದಳು. ಬದನೆಕಾಯಿಯ ಸಿಟ್ಟು ಅವನಿಗೆ ಇಂದಿಗೂ ಇಳಿದಿಲ್ಲ.

"ಬೈಲಿ ಬಿಡ್ರಿ ಮಾಸ್ತರ್ರ" ಎನ್ನುತ್ತಾಳೆ ಕೆಂಪವ್ವ, ಕಂಡಿಕೆಯಿಂದ ಕಣ್ಣೆತ್ತದೆ. "ಬೈಯಾಕ ಬಾಯಿ ಉಳದೈತಲ್ಲ."