ಕರ್ತನ ಮೇಜಿಗೆ ಅಮ್ಮನ ಕಸೂತಿ

ಕಸೂತಿ ಹಾಕಲು ಕೂತ ಅಮ್ಮನನ್ನು ಮಾತನಾಡಿಸಿದರೆ ನಮ್ಮ ಮನೆಯಲ್ಲಿ ಬೈಗುಳ ಗ್ಯಾರಂಟಿ. ಎಳೆಯ ಲೆಕ್ಕ ತಪ್ಪುತ್ತದೆ. ಬಟ್ಟೆಯ ಮೇಲೆ ಪೆನ್ಸಿಲ್ ಗೆರೆ ಇಲ್ಲ, ದಾರಕ್ಕೆ ಗಂಟಿಲ್ಲ. ಹೋದ ದಾರಿಯಲ್ಲೇ ಸೂಜಿ ವಾಪಸ್ ಬರಬೇಕು, ಹಿಂದೆ ಮುಂದೆ ಎರಡೂ ಒಂದೇ ತೆರನಾಗಿ ಕಾಣಬೇಕು. ಬೆಟಗೇರಿಯಲ್ಲಿ ತನ್ನ ತಾಯಿಯಿಂದ ಕಲಿತದ್ದು. ಈ ಮರಾಠಿ ನಾಡಿನಲ್ಲಿ, ಕೋಪರಖೈರಣೆಯ ನಮ್ಮ ಹೌಸಿಂಗ್ ಸೊಸೈಟಿಯಲ್ಲಿರುವ ಧಾರವಾಡದ ಕಡೆಯ ಹೆಂಗಸರು ಅದನ್ನು ನೋಡಿ, "ನಿಮ್ಮ ಕ್ರಿಶ್ಚನ್ ಮಂದ್ಯಾಗೂ ಕಸೂತಿ ಐತೇನ್ರಿ?" ಎನ್ನುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು. ಅಮ್ಮ ನಕ್ಕು ಸುಮ್ಮನಾಗುತ್ತಿದ್ದಳು.

ಹೊರಗಿನವರ ಮುಂದೆ ಸುಮ್ಮನಿರುವುದೇ ಅವಳ ರೂಢಿ. ಏನೇ ಮಾಡಿದರೂ, ಯಾರು ಹೊಗಳಿದರೂ, "ಎಲ್ಲಾರೂ ಕೂಡಿ ಮಾಡೇವ್ರಿ" ಎಂದುಬಿಡುವಳು. ನೌಪಾಡಾದಲ್ಲಿ ಮರಾಠಿ ಸಭೆಯವರ ಚರ್ಚಿನಲ್ಲಿ, ಅವರ ಆರಾಧನೆ ಮುಗಿದ ಮೇಲೆ, ಮಧ್ಯಾಹ್ನ ನಮ್ಮ ಕನ್ನಡ ಆರಾಧನೆ. ಅಲ್ಲಿ ಮೂವತ್ತು ವರ್ಷದಿಂದ ಅಮ್ಮ ಚಹಾ ಮಾಡುವ ಅಕ್ಕ, ಅಷ್ಟೇ.

ಈ ಸಲ ಈಸ್ಟರಿಗೆ, ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನದ ಮೇಜಿಗೆ ಹೊಸ ಹಾಸು ಬೇಕೆಂದು ಸಭೆಯಲ್ಲಿ ಮಾತು ಬಂದಾಗ, ತಾನು ಮಾಡಿಕೊಡುತ್ತೇನೆಂದು ಅಮ್ಮ ಕೈ ಎತ್ತಿದಳು. ನಾನು ದಂಗಾದೆ. ಅಜ್ಜಿಯ ಇಳಕಲ್ ಸೀರೆಯ ಸೆರಗಿನಲ್ಲಿದ್ದ ಗುಡಿಗೋಪುರದ ಕಸೂತಿಯನ್ನೇ ಮಾದರಿಯಾಗಿ ತೆಗೆದುಕೊಂಡು, ಕಳಶವಿದ್ದ ಜಾಗದಲ್ಲಿ ಶಿಲುಬೆ ಇಟ್ಟಳು. ಮಹಾಪೆಯ ಆಫೀಸಿನಿಂದ ನಾನು ಬರುವಾಗಲೂ ಮನೆಯ ಬಾಲ್ಕನಿಯಲ್ಲೇ ಸೂಜಿ ಹಿಡಿದು ಕೂತಿರುತ್ತಿದ್ದಳು. ಶುರು ಮಾಡುವ ಮೊದಲು ದಿನವೂ ಒಂದು ಪ್ರಾರ್ಥನೆ.

ಈಸ್ಟರ್ ಹಿಂದಿನ ಭಾನುವಾರ ಹಾಸನ್ನು ಬಿಚ್ಚಿ ತೋರಿಸಿದಳು. ಉಡುಪಿ ಕಡೆಯ ನಮ್ಮ ಸಭಾಹಿರಿಯರು ಕನ್ನಡಕ ಏರಿಸಿಕೊಂಡು ನೋಡಿದರು.

"ಕೆಲಸ ಭಾರೀ ಚಂದ ಉಂಟು ಅಕ್ಕಾ. ಆದ್ರೆ ಗೋಪುರ ನಮ್ಮದಲ್ಲ ಅಲ್ವಾ? ಅದನ್ನೊಂದು ಬಿಚ್ಚಿಬಿಡಿ. ಶಿಲುಬೆ ಇರಲಿ."

ಸೊಸೈಟಿಯವರಿಗೆ ನಮ್ಮ ಕಸೂತಿ ನಮ್ಮದಲ್ಲ, ಇವರಿಗೆ ನಮ್ಮ ಗೋಪುರ ನಮ್ಮದಲ್ಲ! ನಾನು ಬಾಯಿ ತೆರೆಯುವಷ್ಟರಲ್ಲಿ ಅಮ್ಮ ಚೀಲದಿಂದ ಕತ್ತರಿ ತೆಗೆದು ಅವರ ಮುಂದಿಟ್ಟಳು.

"ನನ್ನ ಕೈಲೆ ಆಗೂದಿಲ್ರೀ ಅಣ್ಣಾರ. ನೀವ ಬಿಚ್ಚರಿ. ಖರೆ, ಎರಡೂ ಒಂದ ಎಳಿಯಾಗ ಹಾಕೀನಿ. ಗೋಪುರ ಬಿಚ್ಚಿದ್ರ ಶಿಲುಬಿನೂ ಬಿಚ್ಚಕೋತ ಬರತೈತಿ. ನಮ್ಮವ್ವ ಈ ಗೋಪುರ ಹಾಕ್ಕೋತನ ನನಗ ಕರ್ತನ ಕೀರ್ತನಿ ಕಲಿಸ್ಯಾಳ. ಯಾವುದು ನಮ್ಮದಲ್ಲ ಅಂತ ಹೇಳ್ಲಿ?"

ಅವರು ಹಾಸನ್ನು ಮಗುಚಿದರು. ಗಂಟು ಹುಡುಕಿದರು. ಹಿಂಬದಿಯಲ್ಲೂ ಅದೇ ಗೋಪುರ, ಅದೇ ಶಿಲುಬೆ. ಕತ್ತರಿಯನ್ನು ಮೆಲ್ಲಗೆ ಅಮ್ಮನ ಕಡೆಗೆ ಸರಿಸಿ, ಹಾಸನ್ನು ತಾವೇ ಮಡಚಿಟ್ಟರು.

ಈಸ್ಟರ್ ದಿನ ಮೇಜಿಗೆ ಹಾಸು ಹಾಕಿದವರೂ ಅವರೇ. "ಯಾವ ಬದಿ ಮೇಲೆ ಬರ್ಬೇಕು ಅಕ್ಕಾ?" ಎಂದರು. "ಯಾವುದಾದ್ರೂ ಹಾಕ್ರಿ" ಎಂದಳು ಅಮ್ಮ. ಅವಳು ಅಷ್ಟು ನೆಟ್ಟಗೆ ನಿಂತದ್ದನ್ನು ನಾನು ಎಂದೂ ಕಂಡಿರಲಿಲ್ಲ.

ಆರಾಧನೆ ಮುಗಿಸಿ ಇನ್ನೂ ಅಲ್ಲೇ ಇದ್ದ ಮರಾಠಿ ಸಭೆಯ ಹೆಂಗಸರು ಮೇಜಿನ ಸುತ್ತ ನೆರೆದರು. ಒಬ್ಬರು ಅಂಚನ್ನು ಮುಟ್ಟಿ, ಇದನ್ನು ಮಾಡಿದವರು ಯಾರು ಎಂದು ಕೇಳಿದರು: "ಹೇ ಕುಣಿ ಕೇಲಂ?"

ಎಲ್ಲರೂ ಕೂಡಿ ಎನ್ನುತ್ತಾಳೆ ನೋಡು ಎಂದು ನಾನು ಹಲ್ಲು ಕಚ್ಚಿದೆ.

"ಮೀ ಕೇಲಂ," ಎಂದಳು ಅಮ್ಮ. ಅದು ಸಾಲದು ಅನ್ನಿಸಿತೇನೋ, ನಮ್ಮವರ ಕಡೆ ತಿರುಗಿ ಕನ್ನಡದಲ್ಲೂ ಹೇಳಿದಳು: "ನಾನ ಮಾಡೀನಿ."