ಪಟ್ಟಿಯಲ್ಲಿಲ್ಲದ ಗೋರಂಟಿ

ಕೊಟ್ಟೂರಿನ ನಮ್ಮ ಮನೆಯ ಮಹಡಿಯಲ್ಲಿ ಕೂತು ನಾನು ಮಾಡುವ ಕೆಲಸವನ್ನು ಮನೆಯವರಿಗೆ ವಿವರಿಸುವುದು ಕಷ್ಟ. ಒಂದು ವೈದ್ಯಕೀಯ ಉಪಕರಣದ ಬಗ್ಗೆ ಬಂದಿರುವ ಲೇಖನಗಳನ್ನು ಓದಿ, ಅದನ್ನು ಎಷ್ಟು ನಂಬಬಹುದೆಂದು ತಯಾರಕರಿಗೆ ವರದಿ ಬರೆಯಬೇಕು. ಓದುವ ಮೊದಲು ಯಾವ ಪದಗಳನ್ನು ಹಾಕಿ ಹುಡುಕಬೇಕೆಂದು ಗೊತ್ತುಮಾಡಬೇಕು. ಪದ ಹೆಚ್ಚಾದರೆ ಸಂಬಂಧವಿಲ್ಲದ ಲೇಖನಗಳು ರಾಶಿ ಬೀಳುತ್ತವೆ. ಒಂದು ಪದ ಬಿಟ್ಟರೆ ಅದರ ಲೇಖನಗಳು ಸಿಗುವುದಿಲ್ಲ, ಸಿಗಲಿಲ್ಲವೆಂಬುದೂ ತಿಳಿಯುವುದಿಲ್ಲ.

ಆ ವಾರ ನನ್ನ ಮುಂದಿದ್ದದ್ದು ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ನೋಡುವ ಆಕ್ಸಿಮೀಟರು. ಚಳಿ, ನಡುಗುವ ಕೈ, ಉಗುರುಬಣ್ಣ, ಚರ್ಮದ ಬಣ್ಣ, ಹೀಗೆ ತಪ್ಪು ಅಂಕಿಗೆ ಕಾರಣವಾಗುವ ಪದಗಳನ್ನೆಲ್ಲ ಹಾಕಿದ್ದೆ, ಅಥವಾ ಹಾಗೆ ಅಂದುಕೊಂಡಿದ್ದೆ.

ಪಕ್ಕದ ಮನೆ ಸೋದರತ್ತೆಯದು. ಅಂದು ಹಡಗಲಿಯಲ್ಲಿ ಅವಳ ಮಗಳ ಕುಬಸ. ಮೊದಲ ಬಸುರಿಗೆ ಉಡಿ ತುಂಬುವ ಆ ಕಾರ್ಯಕ್ಕೆ ತಾಯಿ ಹೋಗದಿದ್ದರೆ ಆಗದು. ಬೆಳಿಗ್ಗೆ ಅತ್ತೆ ಕೆಮ್ಮಿದ್ದು ಕೇಳಿ ಮಗ ಕೊರೊನಾ ಕಾಲದ ಆಕ್ಸಿಮೀಟರು ಹುಡುಕಿ ಬೆರಳಿಗೆ ಹಾಕಿದ್ದ. ನಾನು ಹೋಗುವಷ್ಟರಲ್ಲಿ ಜಗಳ ಶುರುವಾಗಿತ್ತು.

"ಯವ್ವಾ, ಹಡಗಲಿ ಬಿಡು. ಬಳ್ಳಾರಿ ದವಾಖಾನಿಗೆ ಹೋಗೂಣು, ಏಳು."

"ಮಗಳ ಕುಬಸ ಐತಿ ಇವತ್ತು. ನಿನ್ನ ಕ್ಲಿಪ್ಪು ಬಂದು ಉಡಿ ತುಂಬತೈತೇನು?"

ತೊಂಬತ್ತೈದರ ಮೇಲಿರಬೇಕಾದ ಕಡೆ ಎಂಬತ್ತರ ಆಸುಪಾಸಿನ ಅಂಕಿಯನ್ನು ಕಣ್ಣಾರೆ ಕಂಡೆನೆಂದು ನನಗೆ ನೆನಪು. ಅಂಕಿಯೇ ಬರಲಿಲ್ಲ, ಬರೀ ಗೆರೆಗಳು ಎನ್ನುತ್ತಾನೆ ಅತ್ತೆಯ ಮಗ. ಗೆರೆ ಕಂಡು ಯಾರಾದರೂ ಬಳ್ಳಾರಿಗೆ ಹೊರಡುತ್ತಾರೆಯೇ ಎಂಬುದು ನನ್ನ ವಾದ. ಅವನು ಹೊರಡುತ್ತಾನೆ ಎಂಬುದೂ ನನಗೆ ಗೊತ್ತು.

"ಬ್ಯಾರೆ ಬೆರಳಿಗೆ ಹಾಕು," ಅಂದೆ. ಉಪಕರಣದ ಕೈಪಿಡಿಯಲ್ಲೂ ಅದೇ ಇದೆ.

"ಯಾವ ಬೆರಳಿಗೆ? ಬಾ, ನೀನೇ ಆರಿಸು."

ಹಾಗೆನ್ನುತ್ತ ಅತ್ತೆ ಎರಡೂ ಕೈ ಚಾಚಿದಳು. ಕಾರ್ಯಕ್ಕೆಂದು ಹಿಂದಿನ ದಿನ ಗೋರಂಟಿ ಹಚ್ಚಿಕೊಂಡಿದ್ದಳು. ನಮ್ಮ ಕಡೆಯ ಹಿರಿಯ ಹೆಂಗಸರು ಚಿತ್ತಾರ ಬರೆಯುವುದಿಲ್ಲ. ಬೆರಳ ತುದಿಗಳನ್ನು ಉಗುರಿನ ಸಮೇತ ಟೋಪಿ ಹಾಕಿದಂತೆ ಮುಚ್ಚುತ್ತಾರೆ. ಬಣ್ಣ ಏರಲೆಂದು ಅಂಗಡಿಯ ಕಪ್ಪು ಪುಡಿಯನ್ನೂ ಬೆರೆಸಿದ್ದಳು. ಬೆರಳುಗಳು ಸುಟ್ಟ ಬದನೆಕಾಯಿಯ ಬಣ್ಣಕ್ಕೆ ತಿರುಗಿದ್ದವು. ಬಿಟ್ಟ ಬೆರಳು ಒಂದೂ ಇರಲಿಲ್ಲ.

"ಇದರಿಂದನೂ ಹಿಂಗಾಗಿರಬಹುದು ಅತ್ತಿ," ಅಂದೆ.

"ಇರಬಹುದೋ, ಇದರಿಂದನ ಆಗೈತೋ? ಇಷ್ಟು ಓದಿಯಲ್ಲ, ಒಂದು ಹೇಳಲೇ," ಅಂದ ಅವಳ ಮಗ.

ಅಲ್ಲೇ ಫೋನಿನಲ್ಲಿ ಗೋರಂಟಿಯ ಇಂಗ್ಲಿಷ್ ಹೆಸರು ಹಾಕಿ ಹುಡುಕಿದೆ. ಕೆಲವು ಲೇಖನಗಳು ಬಂದವು. ಅವು ಒಂದನ್ನೊಂದು ಒಪ್ಪುತ್ತಿರಲಿಲ್ಲ. ಯಾವ ಲೇಖನವೂ ಅತ್ತೆಯ ಎದೆಯೊಳಗೆ ಏನಿದೆ ಎಂದು ಹೇಳುವಂತಿರಲಿಲ್ಲ.

ಬಸ್ ನಿಲ್ದಾಣಕ್ಕೆ ಹೋಗುವ ದಾರಿಯಲ್ಲೇ ಕ್ಲಿನಿಕ್ ಇತ್ತು. ಹಡಗಲಿಗೋ ಬಳ್ಳಾರಿಗೋ ಅಲ್ಲೇ ತೀರ್ಮಾನವಾಗಲಿ ಎಂದು ಇಬ್ಬರೂ ಒಪ್ಪಿದರು. ಡಾಕ್ಟರು ಎದೆ, ಬೆನ್ನು ಆಲಿಸಿ, ಕಿವಿಯ ಹಾಲೆಗೆ ಸಿಕ್ಕಿಸುವ ಸೆನ್ಸರ್ ಹಾಕಿ ನೋಡಿದರು.

"ಏನಿಲ್ರಿ ಅಮ್ಮಾ, ನೆಗಡಿ. ಹೋಗಿ ಬರ್ರಿ."

"ಕೇಳಿದೇನು?" ಅಂದಳು ಅತ್ತೆ ಮಗನ ಕಡೆ ತಿರುಗಿ. "ಚೀಲ ಹಿಡಿ."

ಅವರ ಬಸ್ಸು ಹೊರಟ ಮೇಲೆ ನಾನು ಮಹಡಿಗೆ ಬಂದು ಗೋರಂಟಿಯನ್ನು ಪಟ್ಟಿಗೆ ಸೇರಿಸಿದೆ. ಕಡಿಮೆ ಅಂಕಿ ತೋರಿಸುವುದು ಒಂದು ದೋಷ, ಏನೂ ತೋರಿಸದಿರುವುದು ಇನ್ನೊಂದು. ಹುಡುಕುವ ಪದಗಳೂ ಬೇರೆ. ಬೆಳಿಗ್ಗೆ ನಾನು ಕಂಡದ್ದು ಅಂಕಿಯೋ ಗೆರೆಯೋ ಎಂದು ಆಗಲೇ ಅನುಮಾನ ಹುಟ್ಟಿತ್ತು. ಎರಡನ್ನೂ ಹಾಕಿದೆ.

ಸಂಜೆ ಹಡಗಲಿಯಿಂದ ಅತ್ತೆಯ ಫೋನು ಬಂತು.

"ಉಡಿ ತುಂಬಿದ್ವಿ. ನೀ ಉಂಡೇನಲೇ?"